ಬೇಡವೆಂದು ಬರೆದುಕೊಟ್ಟ ಪ್ರಮೋಷನ್

ಕಳೆದ ವಾರ ಪಕ್ಕದ ಮನೆಯ ಸೊಸೆ ಒಂದು ಸರ್ಕಾರಿ ಆರ್ಡರ್ ಹಿಡಿದುಕೊಂಡು ಬಂದಳು. ಇಲ್ಲೇ ಹಿಂದೂಪುರದ ಕಚೇರಿಯೊಂದರಲ್ಲಿ ಗುಮಾಸ್ತೆ. ಪ್ರಮೋಷನ್ ಬಂದಿದೆ, ಕಲ್ಯಾಣದುರ್ಗಕ್ಕೆ. ನಾನು "ಕಂಗ್ರಾಟ್ಸ್ ಕಣೇ" ಎನ್ನುವಷ್ಟರಲ್ಲಿ ಅವಳು, "ಬ್ಯಾಡ ಅಂತ ಒಂದು ಲೆಟರ್ ಬರ್ಕೊಡಿ ಆಂಟಿ. ಅಂಥಾವು ನೀವು ಬೋ ಚೆನ್ನಾಗಿ ಬರೀತಿದ್ರಂತೆ, ನಮ್ಮತ್ತೆ ಹೇಳುದ್ರು" ಎಂದಳು.

ಹೌದು, ಬರೆಯುತ್ತಿದ್ದೆ. ಮೂವತ್ತು ವರ್ಷದ ಸರ್ವೀಸಿನಲ್ಲಿ ನಾನು ಗಳಿಸಿದ ಹೆಸರು ಅದೊಂದೇ.

ನಾನು ಸೇರಿದ್ದು ಹೆಂಗಸರ ಮೀಸಲಾತಿಯಲ್ಲಿ. ಕಾನ್ವೆಂಟಿನ ಸಿಸ್ಟರುಗಳು ಬೆರಳ ಗೆಣ್ಣಿಗೆ ಸ್ಕೇಲಿನಿಂದ ಹೊಡೆದು ಇಂಗ್ಲಿಷ್ ಕಲಿಸಿದ್ದರು. ಮಾರ್ಕ್ಸಿಗೇನೂ ಕೊರತೆಯಿರಲಿಲ್ಲ. ಆದರೂ ಕಚೇರಿಯಲ್ಲಿ ನಾನು "ಕೋಟಾ ಅಮ್ಮ". ಆರು ವರ್ಷ ಕಳೆದ ಮೇಲೆ ನನಗೂ ಪ್ರಮೋಷನ್ ಬಂತು, ಅದೇ ಕಲ್ಯಾಣದುರ್ಗಕ್ಕೆ. ಪೆನುಕೊಂಡದಲ್ಲಿ ಬಸ್ಸು ಬದಲಿಸಿಕೊಂಡು ದಿನಾ ಓಡಾಡುವ ದಾರಿಯಲ್ಲ ಅದು. ಅಲ್ಲೇ ಒಂದು ರೂಮು ಮಾಡಬೇಕು.

ರೂಮು ಎಂದ ಕೂಡಲೇ ನಮ್ಮತ್ತೆ ಎದ್ದು ಕೂತರು. "ಗಂಡನ್ನ ಬುಟ್ಟು ಆಫೀಸರಮ್ಮ ಆಯ್ತೀಯೇನೇ? ಮಗೂಗೆ ಅನ್ನ ಇಕ್ಕಾಕೆ ನಿಮ್ ಸರ್ಕಾರ ಬತ್ತದಾ?" ನಮ್ಮವರು ಒಂದು ಬಿಳಿ ಹಾಳೆ ತಂದಿಟ್ಟು, ಪೆನ್ನಿನ ಕ್ಯಾಪ್ ತೆಗೆದು ನನ್ನ ಕೈಗೆ ಕೊಟ್ಟರು. ಪರ್ಫೆಕ್ಟ್ ಜೆಂಟಲ್‌ಮನ್. ಸಂಸಾರದ ಕಾರಣಗಳಿಂದ ಈ ಪ್ರಮೋಷನ್ ಬಿಟ್ಟುಕೊಡುತ್ತಿದ್ದೇನೆ ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ಬರೆದೆ. ಕೊನೆಗೆ, ಯಾರೂ ಕೇಳದಿದ್ದರೂ, "ಆಫ್ ಮೈ ಓನ್ ಫ್ರೀ ವಿಲ್" ಎಂದು ಸೇರಿಸಿದೆ. ಅಷ್ಟಾದರೂ ಮರ್ಯಾದೆ ಉಳಿಯಲಿ ಅಂತ.

ಆ ಜಾಗಕ್ಕೆ ಹೋದವನು ನನ್ನ ಜೂನಿಯರ್. ಮೈಸೂರುಪಾಕಿನ ಡಬ್ಬಿ ತಂದು, "ನಿಮ್ ಋಣ ತೀರ್ಸಕ್ಕಾಗಲ್ಲ ಕಣಕ್ಕಾ" ಎಂದ. ಕೆಲವು ವರ್ಷಗಳ ಮೇಲೆ ಅವನೇ ನಮ್ಮ ಸೂಪರಿಂಟೆಂಡೆಂಟ್ ಆಗಿ ವಾಪಸ್ ಬಂದ. ಅಷ್ಟರಲ್ಲಿ "ಅಕ್ಕ" ಹೋಗಿ "ಏನಮ್ಮಾ" ಆಗಿತ್ತು. ಒಂದು ದಿನದ ಕ್ಯಾಶುವಲ್ ಲೀವಿಗೂ ಅವನ ಮೇಜಿನ ಮುಂದೆ ನಿಲ್ಲುತ್ತಿದ್ದೆ.

ಆಮೇಲೆ ಯಾವ ಹೆಂಗಸಿಗೆ ಪ್ರಮೋಷನ್ ಬಂದರೂ ಅವಳ ಮನೆಯವರು ನನ್ನ ಹತ್ತಿರ ಕಳಿಸತೊಡಗಿದರು. ಕಾನ್ವೆಂಟ್ ಇಂಗ್ಲಿಷ್ ನೋಡಿ! ಬರೆದುಕೊಟ್ಟೆ. ಎಲ್ಲರಿಗೂ ಅದೇ ಕೊನೆಯ ಸಾಲು. ಒಮ್ಮೆ ಇನ್ಸ್‌ಪೆಕ್ಷನ್‌ಗೆ ಬಂದ ಮೇಡಂ ಒಬ್ಬರು, ಮೇಲಿನ ಪೋಸ್ಟುಗಳಲ್ಲಿ ಒಬ್ಬ ಹೆಂಗಸೂ ಯಾಕಿಲ್ಲ ಎಂದು ಕೇಳಿದರು. ಸೂಪರಿಂಟೆಂಡೆಂಟ್ ಫೈಲು ತರಿಸಿ ಅವರ ಮುಂದೆ ಬಿಚ್ಚಿಟ್ಟ. "ನಾವು ಕೊಡಲ್ಲ ಅಂತೀವಾ ಮೇಡಂ? ಇವ್ರೇ ಬ್ಯಾಡ ಅಂತ ಬರ್ಕೊಟ್ಟವ್ರೆ, ಚೂಡಂಡಿ, ನೀವೇ ನೋಡಿ!" ಮೇಡಂ ಒಂದೊಂದೇ ಕಾಗದ ತಿರುವಿದರು. ಸಹಿ ಬೇರೆ ಬೇರೆ, ಅಕ್ಷರ ಮಾತ್ರ ನನ್ನದು. ನಾನು ತಲೆ ತಗ್ಗಿಸಿ ಟೈಪ್ ಮಾಡುತ್ತಿದ್ದೆ.

ಪಕ್ಕದ ಮನೆಯ ಹುಡುಗಿಗೆ, "ನಾನು ಬರೆಯೋದಿಲ್ಲ. ಒಂದು ಸಲ ಬೇಡ ಅಂದರೆ ಅದು ತಿರುಗಿ ಬರೋದಿಲ್ಲ. ನೀನು ಹೋಗು" ಎಂದೆ.

"ನೀವು ಹೋದ್ರಾ ಆಂಟಿ?"

ಚುಚ್ಚಲೆಂದು ಕೇಳಿದ ಮಾತಲ್ಲ. ಅದಕ್ಕೇ ಇನ್ನೂ ಚುಚ್ಚಿತು.

"ಹೋಗೋಕೆ ನಿನಗೆ ಇಷ್ಟ ಇದೆಯಾ?"

ಆರ್ಡರ್ ಮಡಿಕೆಯಾಗದಿರಲೆಂದು ಅವಳು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ತಂದಿದ್ದಳು. ಆ ಕವರನ್ನು ಸೆರಗಿನಿಂದ ಒರೆಸುತ್ತಾ, "ಇಷ್ಟ ಇದ್ರೆ ಯಾರ್ ಕೇಳ್ತಾರೆ ಬಿಡಿ ಆಂಟಿ. ಪರವಾಲೇದು, ಫೋನಾಗಿರೋ ಎಐ ಕೈಲೇ ಬರ್ಸ್ಕೊಂತೀನಿ" ಎಂದಳು.

ಕಾಫಿ ಆರುವ ಮೊದಲೇ ಅವಳ ಫೋನು ಬರೆದು ಮುಗಿಸಿತ್ತು. ಜೋರಾಗಿ ಓದಿದಳು. ಸಂಸಾರದ ಕಾರಣಗಳು ಇದ್ದವು. ಕೊನೆಗೆ, "ಆಫ್ ಮೈ ಓನ್ ಫ್ರೀ ವಿಲ್."

"ತಪ್ಪು ಇದ್ರೆ ಹೇಳಿ ಆಂಟಿ."

ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ಒಂದು ತಪ್ಪೂ ಇರಲಿಲ್ಲ.