ಹಳೆಯ ಡಬ್ಬಿಗೆ ತುಂಬಿದ ಪ್ರೈಮರ್

ಆರನೇ ಇಯತ್ತೆಗೆ ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ಲೆಕ್ಕದ ಮಾಸ್ತರರಿಗೆ ಹೆದರಿ ನಾನೇ ಬಿಟ್ಟಿದ್ದು. ತಂಗಿ ಓದಿದಳು, ನರ್ಸ್ ಆದಳು, ಪರದೇಶದ ಈ ಹ್ಯಾಮಿಲ್ಟನ್ನಿಗೆ ಬಂದಳು. ನನಗೆ ಆಕಳು ಹಿಂಡುವ ಕೆಲಸ ಗೊತ್ತಿತ್ತು. ಅವಳೇ ಅರ್ಜಿಗಳನ್ನೆಲ್ಲ ತುಂಬಿ ಊರ ಹೊರಗಿನ ಒಂದು ಫಾರ್ಮಿಗೆ ನನ್ನನ್ನು ಕರೆಸಿಕೊಂಡಳು. ಇಲ್ಲಿಯವರ ಇಂಗ್ಲಿಷ್ ನನಗೆ ಅರ್ಧ ತಿಳಿಯುತ್ತದೆ. ಉಳಿದರ್ಧಕ್ಕೆ ತಲೆಯಾಡಿಸುತ್ತೇನೆ. ಹಾಗೆ ತಲೆಯಾಡಿಸಿ ಮಾಡಿದ ಒಂದು ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ.

ತಂಗಿಯನ್ನು ಪಿಸ್ತೂಲ್ ಕ್ಲಬ್ಬಿಗೆ ಕರೆದುಕೊಂಡು ಹೋದವಳು ಅವಳ ವಾರ್ಡಿನ ಗೆಳತಿ. ಸುಮ್ಮನೆ ನೋಡಲು ಹೋದವಳು ಅಲ್ಲೇ ಸೇರಿಬಿಟ್ಟಳು. ಅವಳ ಕೈ ನಡುಗುವುದಿಲ್ಲ. ಮಕ್ಕಳಿಗೆ ಸೂಜಿ ಚುಚ್ಚುವ ಕೈ ಅದು. ಲೈಸೆನ್ಸ್, ಪರೀಕ್ಷೆ, ಪೊಲೀಸರ ತಪಾಸಣೆ ಎಲ್ಲ ಮುಗಿಸಿ, ಗ್ಯಾರೇಜಿನಲ್ಲಿ ತನ್ನ ತೋಟಾಗಳನ್ನು ತಾನೇ ತುಂಬಿಕೊಳ್ಳಲು ಶುರು ಮಾಡಿದಳು.

ಹೊಡೆದ ತೋಟಾದ ಹಿತ್ತಾಳೆ ಕೊಳವೆ ಹಾಳಾಗುವುದಿಲ್ಲ. ಅದರ ಬುಡದಲ್ಲಿ ಕಾಳುಮೆಣಸಿನಷ್ಟು ಅಗಲದ ಲೋಹದ ಬಿಲ್ಲೆ ಇರುತ್ತದೆ. ಅದೇ ಪ್ರೈಮರ್. ಪಿಸ್ತೂಲಿನ ಮೊಳೆ ಬಡಿದಾಗ ಅದು ಕಿಡಿ ಕಾರಿ ಒಳಗಿನ ಮದ್ದನ್ನು ಹೊತ್ತಿಸುತ್ತದೆ. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿ, ಮದ್ದು ತೂಗಿ ಸುರಿದು, ಮೇಲೆ ಗುಂಡು ಒತ್ತಿದರೆ ತೋಟಾ ಮತ್ತೆ ಸಿದ್ಧ. ಪ್ರೈಮರ್ ಕೂರಿಸುವುದು ನನ್ನ ಪಾಲು. ಮದ್ದು ತೂಗುವುದು ಅವಳ ಪಾಲು, ಆಗ ಅವಳನ್ನು ಯಾರೂ ಮಾತಾಡಿಸಬಾರದು. ಫಾರ್ಮಿನ ಮೊಲ ಹೊಡೆಯಲು ನಾನೂ ಲೈಸೆನ್ಸ್ ಮಾಡಿಸಿದ್ದರಿಂದ ಅಂಗಡಿಗೆ ಹೋಗಿ ಸಾಮಾನು ತರುವುದೂ ನನ್ನದೇ. ನನಗೆ ಇಂಗ್ಲಿಷ್ ಓದಲು ತಡವಾಗುತ್ತದೆಂದು ಪ್ರೈಮರಿನ ಡಬ್ಬಿಯ ಮೇಲೆ ಕನ್ನಡದಲ್ಲಿ ‘ಪಿಸ್ತೂಲಿನವು, ಸಾದಾ’ ಎಂದು ಚೀಟಿ ಅಂಟಿಸಿದ್ದಳು.

ಒಂದು ಶುಕ್ರವಾರ ಅಂಗಡಿಯಲ್ಲಿ ಆ ಸಾದಾ ಪ್ರೈಮರ್ ಇರಲಿಲ್ಲ. ತಿಂಗಳುಗಳಿಂದ ಬಂದಿಲ್ಲವೆಂದು ಅಂಗಡಿಯವನು ಬೇರೆ ಪ್ಯಾಕೆಟ್ಟು ಮುಂದಿಟ್ಟ. ಮ್ಯಾಗ್ನಮ್ ಅಂದ. ಅದೇ ಅಳತೆ, ಅದೇ ಹೊಳಪು, ಕಿಡಿ ಮಾತ್ರ ಜೋರು. ಇದನ್ನು ಹಾಕುವುದಾದರೆ ಮದ್ದಿನ ಅಳತೆಯ ಪುಸ್ತಕ ನೋಡಿ ಮದ್ದನ್ನು ಇಳಿಸಿ ಹೊಸದಾಗಿ ಶುರು ಮಾಡಬೇಕೆಂದು ಅವನು ಕೈಯಲ್ಲಿ ತೋರಿಸಿ ತೋರಿಸಿ ಹೇಳಿದ್ದನೆಂದು ಈಗ ಗೊತ್ತು. ಅವತ್ತು ಅವನು ಹೇಳಿದ್ದರಲ್ಲಿ ನನ್ನ ಕಿವಿಗೆ ಬಿದ್ದದ್ದು ಪೌಡರ್, ಬುಕ್, ಲೋ, ಇಷ್ಟೇ. ನನ್ನ ಹಿಂದೆ ಇಬ್ಬರು ಕಾಯುತ್ತಿದ್ದರು. ತಲೆಯಾಡಿಸಿ ತಂದೆ.

ಮನೆಯಲ್ಲಿ ತಂಗಿ ಇರಲಿಲ್ಲ, ಡ್ಯೂಟಿಯಲ್ಲಿದ್ದಳು. ಕನ್ನಡ ಚೀಟಿಯ ಡಬ್ಬಿಯಲ್ಲಿ ಎರಡು ಸಾಲು ಹಳೆಯ ಪ್ರೈಮರ್ ಉಳಿದಿದ್ದವು. ಹೊಸವನ್ನೂ ಅದರಲ್ಲೇ ತುಂಬಿದೆ. ಸಣ್ಣಂದಿನಿಂದ ನಾವು ಕಂಡದ್ದೇ ಅದು. ಬಿಸ್ಕತ್ತಿನ ಡಬ್ಬಿಯಲ್ಲಿ ಹುಣಸೆಹಣ್ಣು, ಹಾಲಿನ ಪುಡಿಯ ಡಬ್ಬಿಯಲ್ಲಿ ಕಡಲೆಬೇಳೆ. ಹೊರಗೆ ಏನೇ ಬರೆದಿರಲಿ, ಒಳಗೆ ಏನಿದೆಯೆಂದು ಮನೆಯವರಿಗೆ ಗೊತ್ತು. ಹಿಂದೊಮ್ಮೆ ತಂಗಿ ಇದಕ್ಕೇ ಬೈದಿದ್ದಳು: “ಇದು ಅಡಗಿಮನಿ ಅಲ್ಲಣ್ಣ. ಬಂದ ಡಬ್ಯಾಗ ಇರಲಿ ಅವು.” ನಾನು ನಕ್ಕು ಹೂಂ ಅಂದಿದ್ದೆ.

ಹೊಸ ಪ್ಯಾಕೆಟ್ಟಿನ ರಟ್ಟು ಹಿಂದೆ ಸಾಮಾನು ಹೇರುವ ನನ್ನ ಯೂಟ್ ಗಾಡಿಯ ಸೀಟಿನ ಕೆಳಗೆ ಹೋಯಿತು. ಅಂಗಡಿಯವನ ಮಾತನ್ನು ಸಂಜೆ ಅವಳಿಗೆ ಹೇಳಬೇಕೆಂದುಕೊಂಡೆ. ಸಂಜೆಯ ಹೊತ್ತಿಗೆ ಅವನು ಏನು ಹೇಳಿದ್ದನೆಂದು ನನಗೇ ಖಾತ್ರಿ ಇರಲಿಲ್ಲ. ಗೊತ್ತಿಲ್ಲ ಅನ್ನುವುದಕ್ಕಿಂತ ಸುಮ್ಮನಿರುವುದು ಸುಲಭವಾಯಿತು.

ಮರುದಿನ ಉದ್ದ ಡ್ಯೂಟಿ ಮುಗಿಸಿ ಬಂದು, ದಣಿದಿದ್ದರೂ ಅವಳು ಎಂದಿನ ಅಳತೆಗೇ ಮದ್ದು ತೂಗಿದಳು. ಆ ಡಬ್ಬಿಯ ಪ್ರೈಮರ್‌ಗಳನ್ನು ನಾನು ಅಷ್ಟರಲ್ಲಾಗಲೇ ಕೂರಿಸಿಟ್ಟಿದ್ದೆ. ಭಾನುವಾರ ಬೆಳಿಗ್ಗೆ ಅವಳ ಜೊತೆ ನಾನೂ ಕ್ಲಬ್ಬಿಗೆ ಹೋದೆ. ಮೊದಲ ಕೆಲವು ಹೊಡೆತ ಸರಿಯಾಗಿದ್ದವು. ಆಮೇಲಿನ ಒಂದು ಹೊಡೆತದ ಸದ್ದು ಕಿವಿಗೆ ಬಡಿಯಿತು, ಪಿಸ್ತೂಲು ಅವಳ ಕೈಯಲ್ಲಿ ಎದ್ದು ಕುಣಿಯಿತು. ಮುಂದಿನದೂ ಹಾಗೆಯೇ. ಮೇಲ್ವಿಚಾರಣೆಗೆ ನಿಂತಿದ್ದ ಮುದುಕರೊಬ್ಬರು ಕೂಡಲೇ ನಿಲ್ಲಿಸಿದರು. ಬಿದ್ದಿದ್ದ ಕೊಳವೆಗಳನ್ನು ಆರಿಸಿ ಬುಡ ನೋಡಿದರು. ಪ್ರೈಮರ್‌ಗಳು ಒತ್ತಿದ ಹಿಟ್ಟಿನಂತೆ ಅಂಚಿನವರೆಗೆ ಚಪ್ಪಟೆಯಾಗಿದ್ದವು. ಒಳಗಿನ ಒತ್ತಡ ಮಿತಿ ಮೀರಿದೆ, ಪುಣ್ಯಕ್ಕೆ ಬೆರಳು ಉಳಿದಿವೆ ಅಂದರು. ಏನೇನು ಹಾಕಿದ್ದೆಯೆಂದು ಅವಳನ್ನು ಕೇಳಿದರು. ಅವಳು ನನ್ನ ಕಡೆ ತಿರುಗಿದಳು.

“ಪ್ರೈಮರ್ ಯಾವ ಹಾಕಿದ್ದಿ ಅಣ್ಣಾ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. “ಯಾವಾಗ್ಲೂ ಹಾಕೂವ,” ಅಂದೆ.

ಅವಳು ಎರಡನೇ ಸಲ ಕೇಳಲಿಲ್ಲ. ನಾನು ಹೇಳಿದ್ದನ್ನು ನಂಬಿ, ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಂಡಳು. ಕೆಲವು ಸರಿ, ಕೆಲವು ಜೋರು ಅಂದರೆ ತೂಗುವಾಗ ಕೈ ತಪ್ಪಿದೆ ಎಂದೇ ಅವಳ ಲೆಕ್ಕ. ಉಳಿದ ತೋಟಾಗಳನ್ನು ಬಿಚ್ಚಿ ಮದ್ದು ತೂಗಿ ನೋಡು ಅಂದಿದ್ದರು ಮುದುಕರು. ಅವಳು ಅವನ್ನು ಒಂದು ಬರಣಿಯಲ್ಲಿ ಹಾಕಿ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ನಾಳೆ ತೂಗುತ್ತೇನೆ ಅನ್ನುತ್ತಿದ್ದಳು, ತೂಗಲಿಲ್ಲ. ತೂಗಿದರೆ ತನ್ನ ತಪ್ಪು ಕಣ್ಣಿಗೇ ಕಾಣುತ್ತದೆಂಬ ಹೆದರಿಕೆ.

ಆಮೇಲೆ ಅವಳು ಕ್ಲಬ್ಬಿಗೆ ಹೋಗಲಿಲ್ಲ. ಅದನ್ನಾದರೂ ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ತನ್ನ ಸಣ್ಣ ಮಗಳಿಗೆ ಕೆಮ್ಮಿನ ಔಷಧಿ ಅಳೆಯುವಾಗ ಬೆಳಕಿಗೆ ಹಿಡಿದು ಮೂರು ಸಲ ನೋಡತೊಡಗಿದಳು. ಒಂದು ಸಲ ಚೆಲ್ಲಿ ಮತ್ತೆ ಅಳೆದಳು. ವಾರ್ಡಿನಲ್ಲಿ ಸಣ್ಣ ಗುಳಿಗೆಗೂ ಪಕ್ಕದವರನ್ನು ಕರೆದು ತೋರಿಸುತ್ತಾಳೆಂದು ಅವಳ ಗೆಳತಿ ನನ್ನ ಹತ್ತಿರ ಗುಟ್ಟಾಗಿ ಹೇಳಿದಳು. ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಆಕಳ ಸುದ್ದಿ ಮಾತಾಡಿ ಎದ್ದು ಬಂದೆ.

ನಾಲ್ಕು ತಿಂಗಳಾಗಿತ್ತು. ಒಂದು ಶನಿವಾರ ಮಧ್ಯಾಹ್ನ ಚಹಾ ಸೋಸುತ್ತ, ನನ್ನ ಕಡೆ ನೋಡದೆಯೇ ಅವಳು ಅಂದಳು: “ಔಷಧ ಕೊಡೂ ಕೆಲಸ ಬ್ಯಾಡ, ಮೇಜಿನ ಮುಂದಿನ ಕೆಲಸ ಕೊಡ್ರಿ ಅಂತ ಬರದು ಕೊಟ್ಟೇನಿ. ನನ್ನ ಕೈ ಮ್ಯಾಲ ನನಗ ನಂಬಿಕಿ ಇಲ್ಲ.”

ನಾನು ಯೂಟಿಗೆ ಹೋಗಿ ಸೀಟಿನ ಕೆಳಗಿನ ರಟ್ಟು ತಂದು ಅವಳ ಮುಂದಿಟ್ಟೆ. ಅಂಗಡಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವಳು ಅದನ್ನು ನೋಡಿ ನನ್ನ ಕಡೆಗೇ ಸರಿಸಿದಳು.

“ಓದು.”

ಎಮ್, ಎ, ಜಿ ಎಂದು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಓದಲು ಬಂತು. ಅವತ್ತೂ ಬರುತ್ತಿತ್ತು.

“ತಿಳೀಲಿಲ್ಲಂದ್ರ ಅಂಗಡಿಯಾಂವನ್ನ ತಿರುಗಿ ಕೇಳಬೇಕಿತ್ತಿಲ್ಲ?”

“ನಾಚಿಕಿ ಬಂತವ್ವ.”

“ಅವನ ಮುಂದ ನಾಚಿಕಿ, ಇರಲಿ. ನನ್ನ ಮುಂದ ಎಂಥಾ ನಾಚಿಕಿ? ನಾಕು ತಿಂಗಳ ನನ್ನ ಕೈ ನೋಡ್ಕೋತ ಕುಂತೀನಿ ಅಣ್ಣಾ.”

ಚಹಾ ಅಲ್ಲೇ ಆರಿತು. ಅವಳು ಎದ್ದು ಗ್ಯಾರೇಜಿಗೆ ಹೋದಳು, ಬೀಗ ತೆಗೆದು ಬರಣಿ ತಂದಳು. ಬರಬೇಡ ಅನ್ನಲಿಲ್ಲವಾದ್ದರಿಂದ ನಾನೂ ಹೋದೆ. ತೋಟಾ ಬಿಚ್ಚಲೆಂದೇ ಇರುವ ಟೊಳ್ಳು ಸುತ್ತಿಗೆಯಲ್ಲಿ ಒಂದನ್ನು ಸಿಕ್ಕಿಸಿ ಕುಟ್ಟಿ, ಗುಂಡು ಕಳಚಿ, ಮದ್ದನ್ನು ತಕ್ಕಡಿಯ ಬಟ್ಟಲಿಗೆ ಸುರಿದಳು. ಮುಳ್ಳು ಆಡಿತು, ನಿಂತಿತು. ತನ್ನ ನೋಟ್‌ಬುಕ್ಕಿನ ಅಂಕಿ ನೋಡಿದಳು. ಮುಳ್ಳು ಅದರ ಮೇಲೇ ಇತ್ತು. ಮುಂಗೈಯಿಂದ ಕಣ್ಣೊರೆಸಿಕೊಂಡು, ನನ್ನ ಮುಖ ನೋಡದೆ ಕೈ ಚಾಚಿದಳು.

“ಇನ್ನೊಂದು ಕೊಡು.”

ಕೊಟ್ಟೆ. ಅದೂ ಸರಿಯಿತ್ತು. ಅದರ ನಂತರದ್ದೂ. ನಾನು ಬರಣಿಯಿಂದ ಒಂದೊಂದೇ ತೆಗೆದು ಅವಳ ಅಂಗೈಗೆ ಇಡುತ್ತ ಹೋದೆ. ಹತ್ತನೆಯದರ ಹೊತ್ತಿಗೆ ಅವಳು ನೋಟ್‌ಬುಕ್ ನೋಡುವುದನ್ನು ಬಿಟ್ಟಿದ್ದಳು.