ಅರವತ್ತಕ್ಕೊಂದು ಕೆಂಪಂಗಿ

ನನ್ನ ಮೀಸೆ ಸುಳ್ಳು ಹೇಳುತ್ತಿತ್ತು. ಹೇಳಿಸುತ್ತಿದ್ದವನು ನಾನೇ. ಹದಿನೈದು ದಿನಕ್ಕೊಮ್ಮೆ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಕಪ್ಪು ಬಣ್ಣ ಬಳಿಯುತ್ತಿದ್ದೆ. ಬರೀ ಶೋಕಿಯಲ್ಲ ಅದು. ಅಬುಧಾಬಿಯಲ್ಲಿ ನಾವು ವಯಸ್ಸನ್ನು ಹುಟ್ಟಿದ ದಿನದಿಂದ ಎಣಿಸುವುದಿಲ್ಲ, ವೀಸಾ ಮುಗಿಯುವ ದಿನದಿಂದ ಹಿಂದಕ್ಕೆ ಎಣಿಸುತ್ತೇವೆ. ಮರುತಿಂಗಳು ನನಗೆ ಅರವತ್ತಾಗುವುದಿತ್ತು. ಆಮೇಲೆ ಕೆಲಸದಲ್ಲಿ ಇಟ್ಟುಕೊಳ್ಳುವುದು ಬಿಡುವುದು ಮ್ಯಾನೇಜರರ ಮರ್ಜಿ. ಪಾಸ್‌ಪೋರ್ಟು ಸತ್ಯ ಹೇಳಿದರೂ ಮೀಸೆಯಾದರೂ ನನ್ನ ಪರ ವಾದಿಸಲಿ ಎಂಬ ಆಸೆ.

"ಅಲ್ಲ ಮಾರಾಯ್ರೆ, ನಿಮ್ಮ ತಲೆದಿಂಬಿನ ಪ್ರಾಯ ಮಾತ್ರ ಕಮ್ಮಿಯಾಗ್ತಾ ಉಂಟು" ಎನ್ನುತ್ತಿದ್ದಳು ಹೆಂಡತಿ ಶಾಲಿನಿ. ಕಪ್ಪು ಬಣ್ಣ ಹತ್ತಿದ ದಿಂಬಿನ ಕವರು ಒಗೆಯುವವಳು ಅವಳು ತಾನೇ.

ಅಲ್ ರೀಮ್‌ನ ನಮ್ಮ ಆಫೀಸಿನಲ್ಲಿ ಪಕ್ಕದ ಮೇಜಿನವಳು ಯೂಕೊ, ಜಪಾನಿನ ಹುಡುಗಿ. ಅವಳ ಮುತ್ತಜ್ಜಿಗೆ ನೂರಾಹನ್ನೆರಡು. ನಾವು ಊಟದ ಡಬ್ಬಿ ಬಿಚ್ಚುವಾಗ ಜಪಾನಿನಲ್ಲಿ ಸಂಜೆ. ಮುತ್ತಜ್ಜಿ ಮೊಬೈಲಿನಲ್ಲಿ ಪ್ರತ್ಯಕ್ಷ. ಯುದ್ಧದಲ್ಲಿ ಮನೆ ಕಳೆದುಕೊಂಡು, ಗಂಡನನ್ನೂ ಇಬ್ಬರು ಮಕ್ಕಳನ್ನೂ ಮಣ್ಣು ಮಾಡಿ, ಅರವತ್ತೈದಕ್ಕೆ ಹೊಲಿಗೆ ಅಂಗಡಿ ತೆರೆದವರು. ಈಗಲೂ ಹೊಲಿಯುತ್ತಾರೆ. ಸೂಜಿಗೆ ದಾರ ಪೋಣಿಸುವುದು ಮಾತ್ರ ಎಂಬತ್ತು ದಾಟಿದ ಸೊಸೆಯ ಕೆಲಸ. ನಮ್ಮ ಕಡೆಯ ಅಜ್ಜಿಯಂದಿರು ದೃಷ್ಟಿಯಾದೀತೆಂದು ಪ್ರಾಯ ಹೇಳುವುದೇ ಇಲ್ಲ. ಇವರೋ, ಹೆಸರಿಗಿಂತ ಮೊದಲು ವಯಸ್ಸು ಹೇಳುತ್ತಾರೆ.

ಒಂದು ದಿನ ನನ್ನ ವಯಸ್ಸು ಕೇಳಿದರು. ಅಭ್ಯಾಸಬಲ, ಐವತ್ತೈದು ಎಂದೆ. ಮುತ್ತಜ್ಜಿಯ ಮುಖ ಸಣ್ಣದಾಯಿತು. ಯೂಕೊ ವಿವರಿಸಿದಳು: ಅವರಲ್ಲಿ ಅರವತ್ತಾದವರಿಗೆ ತೋಳಿಲ್ಲದ ಕೆಂಪಂಗಿ ತೊಡಿಸುತ್ತಾರಂತೆ. ಕೆಂಪು ಎಳೆಗೂಸಿನ ಬಣ್ಣ. ಕಾಲದ ಚಕ್ರ ಒಂದು ಸುತ್ತು ಮುಗಿಸಿ ಮನುಷ್ಯ ಮತ್ತೆ ಕೂಸಾಗುತ್ತಾನಂತೆ. ಪರಿಚಯದವರಿಗೆಲ್ಲ ಮುತ್ತಜ್ಜಿಯೇ ಹೊಲಿದುಕೊಡುವುದು. ನನಗೆ ಇನ್ನೂ ಐದು ವರ್ಷವಿದೆಯಲ್ಲ, ಅಷ್ಟು ದಿನ ತಾನಿರುತ್ತೇನೋ ಇಲ್ಲವೋ ಎಂದು ಅವರ ಚಿಂತೆ.

ಕೈಯಲ್ಲಿದ್ದ ತುತ್ತನ್ನು ಡಬ್ಬಿಯಲ್ಲೇ ಇಟ್ಟೆ. ನಮ್ಮ ಪಂಚಾಂಗದಲ್ಲೂ ಪ್ರಭವದಿಂದ ಅಕ್ಷಯದವರೆಗೆ ಅರವತ್ತೇ ಸಂವತ್ಸರ, ಆಮೇಲೆ ಮತ್ತೆ ಪ್ರಭವ. ಅಪ್ಪನ ಷಷ್ಟ್ಯಬ್ದಿಯಲ್ಲಿ ಹೋಳಿಗೆ ಬಡಿಸಿದವನು ನಾನು. ಅಷ್ಟು ದೊಡ್ಡ ಚಕ್ರವನ್ನು ಹಲ್ಲುಜ್ಜುವ ಬ್ರಶ್ಶಿನಿಂದ ಹಿಂದಕ್ಕೆ ತಿರುಗಿಸಹೊರಟಿದ್ದೆನಲ್ಲ, ನಾಚಿಕೆಯಾಯಿತು.

"ಮುತ್ತಜ್ಜಿಗೆ ಹೇಳು ಯೂಕೊ, ನಾನು ಸುಳ್ಳು ಹೇಳಿದೆ. ಬರುವ ತಿಂಗಳು ನನಗೆ ಅರವತ್ತು."

ಹಿಂದಿನ ಮೇಜಿನಲ್ಲಿ ಉಣ್ಣುತ್ತಿದ್ದ ಮ್ಯಾನೇಜರರ ಚಮಚ ನಿಂತಿತು. ಮುತ್ತಜ್ಜಿ ಹಲ್ಲಿಲ್ಲದ ಬಾಯಿ ತುಂಬ ನಕ್ಕು ನನ್ನ ಎದೆಯಳತೆ ಕೇಳಿದರು.

ಅಂಗಿ ಬಂತು. ವೀಸಾ ಮಾತಿಗೆ ಮ್ಯಾನೇಜರರು ಕರೆದ ದಿನ ಶರಟಿನ ಮೇಲೆ ಅದನ್ನೇ ತೊಟ್ಟು ಹೋದೆ. ಮೀಸೆ ಅರ್ಧ ಬೆಳ್ಳಗಾಗಿತ್ತು. ಇದೇನು ವೇಷ ಎಂದರು. ಅರವತ್ತು ಸರ್, ನೂರಾಹನ್ನೆರಡರವರು ಹೊಲಿದದ್ದು ಎಂದೆ. ಅಷ್ಟು ಜಂಬದಿಂದ ನಾನು ನನ್ನ ಡಿಗ್ರಿಯನ್ನೂ ಹೇಳಿಕೊಂಡವನಲ್ಲ. ಅವರು ಅಂಗಿಯ ಹೊಲಿಗೆಯನ್ನು ಮುಟ್ಟಿ ನೋಡಿ, ಸದ್ಯಕ್ಕೆ ಒಂದು ವರ್ಷ ಎಂದು ಸಹಿ ಹಾಕಿದರು.

ಒಂದೇ ವರ್ಷವೇ ಎಂದು ಮುತ್ತಜ್ಜಿಯ ಮುಂದೆ ಗೊಣಗಿದೆ. ಅವರು ಹೇಳಿದ್ದನ್ನು ಯೂಕೊ ನಗುತ್ತಲೇ ತಿಳಿಸಿದಳು:

"ಕೂಸಿಗೆ ಒಂದು ವರ್ಷ ಸಾಕು. ಅಷ್ಟರಲ್ಲಿ ನಡೆಯಲು ಕಲಿಯುತ್ತದೆ."