ಹೊಸ್ತಿಲ ಹೊರಗಿನ ಸ್ಪ್ಲಿಂಟು

ನಾನು ಒಂದು ಕಡೆ ಕೂರುವವನಲ್ಲ. ಬಸ್ಸು ಹತ್ತು ನಿಮಿಷ ತಡವಾದರೆ ನಿಲ್ದಾಣದ ತುಂಬ ಅಡ್ಡಾಡುತ್ತೇನೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ಅಂಥವನ ಮಗಳು ನಾಲ್ಕು ತುಂಬಿದರೂ ಗೋಡೆ ಹಿಡಿದು, ತುದಿಗಾಲಲ್ಲಿ, ಮುಗ್ಗರಿಸುತ್ತ ನಡೆಯುತ್ತಿದ್ದಳು. ತಿಂಗಳು ತುಂಬುವ ಮುಂಚೆ ಹುಟ್ಟಿದ ಕೂಸು. ಮೀನಖಂಡ ಬಿಗಿದುಕೊಂಡು ಹಿಮ್ಮಡಿ ನೆಲಕ್ಕೆ ತಾಗುತ್ತಲೇ ಇರಲಿಲ್ಲ. ಕಲಬುರಗಿಯ ಡಾಕ್ಟರು ಎರಡೂ ಕಾಲಿಗೆ, ಪಾದದಿಂದ ಮೀನಖಂಡದ ತನಕ ಹಿಡಿದಿಡುವ ಪ್ಲಾಸ್ಟಿಕ್ ಸ್ಪ್ಲಿಂಟು ಬರೆದುಕೊಟ್ಟರು. ಎದ್ದಾಗಿನಿಂದ ಮಲಗುವ ತನಕ ಹಾಕಿದರೆ ಹಿಮ್ಮಡಿ ಕೆಳಗಿಳಿದೀತು, ಇಲ್ಲದಿದ್ದರೆ ಮುಂದೆ ಆಪರೇಶನ್ ಮಾಡಿ ನರ ಸಡಿಲ ಮಾಡಬೇಕಾಗುತ್ತದೆ ಅಂದರು. ಆ ಮಾತು ಕೇಳಿದ ದಿನದಿಂದ ಉಣ್ಣುವಾಗಲೂ ನನ್ನ ಕಣ್ಣು ಅವಳ ಕಾಲಿನ ಮೇಲೇ.

ಸ್ಪ್ಲಿಂಟು ಮಾಡುವ ಮೇಡಂ ಕಾಲಿಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆದುಕೊಂಡರು. ಅದರಲ್ಲಿ ಎರಡು ನಮೂನೆ. ಒಂದು ಪಾದವನ್ನು ಪೂರಾ ಬಿಗಿಹಿಡಿಯುವುದು, ಇನ್ನೊಂದು ಕಾಲುಗಂಟಿನ ಹತ್ತಿರ ಕೀಲು ಇರುವುದು. ಇವಳಿಗೆ ಎರಡೂ ನಡೆಯುತ್ತವೆ, ಮನೆಯಲ್ಲಿ ಹೇಗೆ ಕೂರುತ್ತಾಳೆ ನೋಡಿ ಹೇಳಿ ಅಂದರು. ಕಮಲಾಪುರದ ನಮ್ಮ ಮನೆಯಲ್ಲಿ ಎಲ್ಲರದೂ ನೆಲದ ಮೇಲೆಯೇ ಊಟ. ಮಗಳಂತೂ ಅಡುಗೆಮನೆಯಲ್ಲಿ ನನ್ನ ಅವ್ವನ ಮಗ್ಗುಲು ಬಿಟ್ಟು ಏಳುವವಳಲ್ಲ. ಕೂತು ಏಳಲು ಸಲೀಸಾಗಲಿ ಎಂದು ಕೀಲಿನದೇ ಇರಲಿ ಅಂದೆ. ಸ್ಪ್ಲಿಂಟಿನ ಮೇಲಿನ ಚಿಟ್ಟೆಯ ಚಿತ್ರವನ್ನು ಮಗಳೇ ಆರಿಸಿದಳು. ಬರೇ ಸ್ಪ್ಲಿಂಟಿನಲ್ಲಿ ನಡೆಸಬೇಡಿ, ಜಾರುತ್ತದೆ, ಮೇಲೆ ಬೂಟು ಇರಲೇಬೇಕು. ಆದರೆ ಬೂಟನ್ನು ಸ್ಪ್ಲಿಂಟು ಬಂದ ಮೇಲೆ ತನ್ನಿ ಎಂದು ಮೇಡಂ ಒತ್ತಿ ಹೇಳಿದರು.

ಕಾಯುವ ಜಾಯಮಾನ ನನ್ನದಲ್ಲವಲ್ಲ. ಅದೇ ಸಂಜೆ ಕಲಬುರಗಿಯ ಪೇಟೆಯಲ್ಲಿ, ಜಗತ್‌ನ ಒಂದು ಅಂಗಡಿಯಲ್ಲಿ, ಕಾಲಿಟ್ಟರೆ ದೀಪ ಹತ್ತುವ ಬೂಟು ಕೊಂಡೆ. ಪಾದಕ್ಕೆ ಅಳತೆ ಮಾಡಿದಂತೆ ಕೂತಿತು. ವಾರದ ಮೇಲೆ ಸ್ಪ್ಲಿಂಟು ಬಂತು. ಅದನ್ನು ತೊಡಿಸಿದರೆ ಬೂಟು ಬೆರಳು ದಾಟಿ ಒಳಗೆ ಹೋಗಲಿಲ್ಲ. ಮಗಳು ದೀಪದ ಬೂಟನ್ನು ಎದೆಗವಚಿಕೊಂಡು ಅತ್ತಳು.

ಆಮೇಲೆ ಶುರುವಾಯಿತು ನಮ್ಮ ತಿರುಗಾಟ. ಜಗತ್‌ನಿಂದ ಸ್ಟೇಶನ್ ಬಜಾರದ ತನಕ ಒಂದು ಅಂಗಡಿ ಬಿಡಲಿಲ್ಲ. ಚೀಲದಿಂದ ಸ್ಪ್ಲಿಂಟು ತೆಗೆದ ಕೂಡಲೇ ಅಂಗಡಿಯವರು ಬೂಟು ತೋರಿಸುವುದು ಬಿಟ್ಟು ಕೂಸಿಗೆ ಏನಾಗಿದೆ ಎಂದು ವಿಚಾರಿಸುವರು. ನಾನು ಸಿಡುಕುವೆ. ಕಡೆಗೆ ಹೆಂಡತಿ ನನ್ನನ್ನು ಹೊರಗೆ ಅಟ್ಟಿ, ತಾನೇ ಕೂತು ಒಂದೊಂದೇ ತೊಡಿಸಿ ನೋಡಿ ಆರಿಸಿದಳು: ಎರಡು ನಂಬರು ದೊಡ್ಡದು, ತಳ ಚಪ್ಪಟೆ, ಒಳಗಿನ ಮೆತ್ತೆ ತೆಗೆಯಲು ಬರುವಂಥದು. ಅದೂ ಸಾಕಷ್ಟು ಬಾಯಿ ತೆರೆಯಲಿಲ್ಲ. ಮೋಮಿನಪುರದ ಒಬ್ಬ ಮುದುಕ ಮೋಚಿ ಅದರ ಮುಂಭಾಗವನ್ನು ಬೆರಳಿನ ತನಕ ಸೀಳಿ, ಅಗಲ ಪಟ್ಟಿ ಹೊಲಿದುಕೊಟ್ಟ. ಆ ದಿನ ಬಸ್ ನಿಲ್ದಾಣದಲ್ಲಿ ಮಗಳು ಅಮ್ಮನ ಕೈಹಿಡಿದು ಹಿಮ್ಮಡಿಯೂರಿ ನಡೆದಳು. ನಾನು ಬಗ್ಗಿ ಬಗ್ಗಿ ನೋಡಿದೆ.

ಮೂರು ತಿಂಗಳ ಮೇಲೆ ತೋರಿಸಲು ಹೋದೆವು. ಮೇಡಂ ಮೊದಲು ಕಾಲು ನೋಡಲಿಲ್ಲ, ಸ್ಪ್ಲಿಂಟಿನ ವೆಲ್ಕ್ರೋ ಅಂಟುಪಟ್ಟಿಯನ್ನು ಬಿಚ್ಚಿ ನೋಡಿದರು. ದಿನಕ್ಕೆ ಎಷ್ಟು ತಾಸು ಹಾಕುತ್ತೀರಿ ಎಂದರು. ದಿನಪೂರ್ತಿ ಅಂದೆ.

"ದಿನಪೂರ್ತಿ ಹಾಕಿದ್ರ ಇದರಾಗ ಕೂದಲಾ, ದಾರಾ ಸಿಕ್ಕಿರ್ತಿತ್ತು. ಇದು ಹೊಸಾದು ಇದ್ದಂಗ ಅದ. ಹೊರಗ ಹೋಗುವಾಗ ಅಷ್ಟೇ ಹಾಕ್ಲಾಕತ್ತೀರಿ, ಹೌದಿಲ್ರೀ?"

ಹೌದು. ನಮ್ಮ ಮನೆಯಲ್ಲಿ ಚಪ್ಪಲಿ ಹೊಸ್ತಿಲು ದಾಟುವುದಿಲ್ಲ. ಅವ್ವ ದಿನಾ ಲಿಂಗಪೂಜೆ ಮಾಡುವ ಮನೆ. ಬಾಗಿಲಲ್ಲಿ ಬೂಟು ಬಿಚ್ಚಬೇಕು. ಬೂಟಿಲ್ಲದ ಸ್ಪ್ಲಿಂಟು ಶಹಾಬಾದ್ ಕಲ್ಲಿನ ನೆಲದ ಮೇಲೆ ಸರ್ರನೆ ಜಾರುತ್ತದೆ. ಹಾಗಾಗಿ ಅದನ್ನೂ ಬಿಚ್ಚಿ ನಮ್ಮೆಲ್ಲರ ಚಪ್ಪಲಿಯ ಸಾಲಿನಲ್ಲಿ ಇಡುತ್ತಿದ್ದೆವು. ಮನೆಯಲ್ಲಿ ಕೂತು ಏಳಲೆಂದು ಕೀಲಿನದು ಆರಿಸಿದವನೇ ಅದನ್ನು ಮನೆಯೊಳಗೆ ಬಿಟ್ಟಿರಲಿಲ್ಲ. ಮೀನಖಂಡ ಮೊದಲಿಗಿಂತ ಬಿಗಿದಿದೆ, ಇನ್ನು ಮೂರು ತಿಂಗಳು ಹೀಗೇ ಹೋದರೆ ಆಪರೇಶನ್ ತಪ್ಪುವುದಿಲ್ಲ ಎಂದರು ಮೇಡಂ.

ಬಸ್ಸಿನುದ್ದಕ್ಕೂ ನಾನು ಅವ್ವನನ್ನು ಬೈದೆ. ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಿನ್ನ ಹೊಸ್ತಿಲಿನ ಸಲುವಾಗಿ ಕೂಸಿನ ಕಾಲು ಕೊಯ್ಯಿಸುವ ಹೊತ್ತು ಬಂತು ಎಂದು ಕೂಗಾಡಿದೆ. ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ನನ್ನ ಕಡೆ ತಿರುಗಿದಳು.

"ನಾ ಯಾವಾಗ ಬ್ಯಾಡ ಅಂದೀನೋ? ದಿನಾ ನೀನೇ ಬಾಗಲದಾಗ ಬಿಚ್ಚಿ ಇಡ್ತಿದ್ದಿ. ದವಾಖಾನ್ಯಾಗ ಹಂಗ ಹೇಳ್ಯಾರ ಅಂತ ತಿಳ್ಕೊಂಡಿದ್ದೆ."

ಎಷ್ಟು ನೆನಪು ಮಾಡಿಕೊಂಡರೂ ಅವ್ವ ಬೇಡ ಅಂದ ಒಂದು ದಿನ ಸಿಗಲಿಲ್ಲ. ನಾನು ಕೇಳಿಯೇ ಇರಲಿಲ್ಲ. ಕಲಬುರಗಿಯ ಬಜಾರಗಳನ್ನೆಲ್ಲ ಜಾಲಾಡಿದವನು ಒಲೆಯ ತನಕ ಹೋಗಿ ಒಂದು ಮಾತು ಕೇಳಿರಲಿಲ್ಲ. ನೆಲ ಬಾಯಿಬಿಟ್ಟರೆ ಸಾಕೆನಿಸಿತು.

ಅವ್ವ ಕೈ ತೊಳೆದುಕೊಂಡು ಹೊರಗೆ ಹೋದಳು. ಬೂಟುಗಳನ್ನು ಬಚ್ಚಲಿಗೆ ಒಯ್ದು ತಳಕ್ಕೆ ಸಾಬೂನು ಹಚ್ಚಿ ತಿಕ್ಕಿ, ಸೆರಗಿನಿಂದ ಒರೆಸಿದಳು. ಮಗಳಿಗೆ ಸ್ಪ್ಲಿಂಟು ಹೇಗೆ ಕಟ್ಟುವುದೆಂದು ಸೊಸೆಯನ್ನು ಕೇಳಿ, ತಾನೇ ಕಟ್ಟಿ, ಬೂಟು ತೊಡಿಸಿ, ಅಡುಗೆಮನೆಯೊಳಗೆ ನಡೆಸಿಕೊಂಡು ಹೋದಳು. ಮನೆಯೊಳಗಿನದಕ್ಕೆಂದೇ ಇನ್ನೊಂದು ಜೊತೆ ಬೂಟು ತಾ ಅಂದಳು.

ಮುಂದಿನ ಸಲ ಮೇಡಂ ಪಟ್ಟಿ ಕಿತ್ತಾಗ ಅದರ ತುಂಬ ಜೋಳದ ಹಿಟ್ಟು ಮೆತ್ತಿಕೊಂಡಿತ್ತು. ಎಷ್ಟು ತಾಸು ಎಂದು ಅವರು ಕೇಳಲಿಲ್ಲ. ರೊಟ್ಟಿ ಯಾರು ಬಡಿಯುತ್ತಾರೆ ಎಂದು ಮಗಳನ್ನು ಕೇಳಿದರು. ಆಯಿ ಅಂದಳು; ಅಜ್ಜಿಯನ್ನು ಅವಳು ಕರೆಯುವುದು ಹಾಗೆ. ಮೀನಖಂಡ ಒಂದಿಷ್ಟು ಸಡಿಲಾಗಿದೆ, ಸದ್ಯ ಆಪರೇಶನ್ ಮಾತು ಬೇಡ, ಪಟ್ಟಿ ಮಾತ್ರ ವಾರಕ್ಕೊಮ್ಮೆ ಸ್ವಚ್ಛ ಮಾಡಿ ಅಂದರು.

ಆ ಕೆಲಸ ನನ್ನದು. ರವಿವಾರ ಮುಂಜಾನೆ ಕಟ್ಟೆಯ ಮೇಲೆ ಕೂತು ಪಿನ್ನಿನಿಂದ ಹಿಟ್ಟು ತೆಗೆಯುತ್ತೇನೆ. ಮುಗಿಯುವ ತನಕ ಏಳುವುದಿಲ್ಲ.